ಕದ್ದಬಾಗಿಲ ಮನೆ

ಮಲಪ್ರಭೆಯ ದಂಡೆಯ ಕೆಂಗಲ್ಲದಿನ್ನಿಯಲ್ಲಿ, ಸಂತೆಯ ದಾರಿಗೆ ಮುಖ ಮಾಡಿ ಒಂದು ಹಳೆಯ ಒಕ್ಕಲು ಮನೆ ನಿಂತಿದೆ. ಮೊಳ ದಪ್ಪದ ಕೆಂಪು ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಎರಡೂ ಕಡೆ ನುಣುಪಾದ ಕಟ್ಟೆ. ನಡುವೆ ಬಾಗಿಲು ಇರಬೇಕಾದಲ್ಲಿ ಮಾತ್ರ ಒರಟು ಕಲ್ಲು ತುಂಬಿದೆ. ಒಳಗೆ ಹೋಗಬೇಕೆಂದರೆ ಹಿತ್ತಿಲಿಗೆ ಸುತ್ತಿ, ಸೆಗಣಿ ಹೊರಹಾಕಲು ಬಿಟ್ಟಿದ್ದ ಗಿಡ್ಡ ಬಾಗಿಲಲ್ಲಿ ನಡು ಬಗ್ಗಿಸಿಯೇ ಹೋಗಬೇಕು. ಕದ್ದಬಾಗಿಲ ಮನೆ ಎಂಬ ಹೆಸರು ಕೇಳಿ, ಬಾಗಿಲನ್ನು ಕಳ್ಳರು ಹೊತ್ತೊಯ್ದರೇನೋ ಎಂದುಕೊಳ್ಳುವ ಹೊಸಬರೂ ಇದ್ದಾರೆ. ಕದ್ದವನು ಮನೆಯ ಯಜಮಾನನೇ.

ಹಿಂದೆ ಒಮ್ಮೆ ಮುದಕನಗೌಡ ಎಂಬವನು ಈ ಮನೆ ಕಟ್ಟಿಸಿದ. ಆ ಸೀಮೆಯಲ್ಲಿ ದನಗಳೂ ತಲೆಬಾಗಿಲಿನಿಂದಲೇ ಒಳಬರುವುದು ರೂಢಿ. ತನ್ನ ಜೋಡೆತ್ತು ಅಕ್ಕಪಕ್ಕ ನಡೆದು ಬರುವಂಥ ಬಾಗಿಲೇ ಆಗಬೇಕೆಂದು ಗೌಡನ ಹಟ. ಅಷ್ಟುದ್ದದ ಅಡ್ಡಗಲ್ಲು ತರಿಸಿದಾಗಲೆಲ್ಲ ಸೀಳಿತು. ಮನೆ ಹೊಗುವ ಮುಹೂರ್ತವೂ ಹತ್ತಿರ ಬಂತು. ಆಗ ಅವನ ಕಣ್ಣು ಮನೆಯೆದುರಿನ ಹೊರೆಗಲ್ಲಿನ ಮೇಲೆ ಬಿತ್ತು. ಎರಡು ನಿಲುಗಲ್ಲು, ಮೇಲೊಂದು ಅಡ್ಡಗಲ್ಲು. ಬಸುರಿಯಾಗಿದ್ದಾಗ ಸತ್ತ ಹೆಣ್ಣಿನ ಹೆಸರಲ್ಲಿ, ಅವಳು ಇಳಿಸಲಾಗದ ಭಾರವನ್ನು ದಾರಿಹೋಕರಾದರೂ ಇಳಿಸಿಕೊಳ್ಳಲಿ ಎಂದು ಮನೆಯವರು ನಿಲ್ಲಿಸುವ ಕಲ್ಲು ಅದು. ದಾರಿಯ ಕಲ್ಲು ಯಾರಪ್ಪನ ಸ್ವತ್ತು ಎಂದುಕೊಂಡ ಗೌಡ, ಅಡ್ಡಗಲ್ಲನ್ನು ಎತ್ತಿಸಿ, ಕದ ತಿರುಗಲು ಎರಡು ಕುಳಿ ಕೊರೆಸಿ, ಬಾಗಿಲ ಮೇಲೆ ಕೂರಿಸಿಬಿಟ್ಟ.

ಮನೆ ಹೊಕ್ಕ ದಿನ ಹೊಸ ರುಮಾಲು ಸುತ್ತಿ ನೆಂಟರ ನಡುವೆ ಕಟ್ಟೆಯ ಮೇಲೆ ಕುಳಿತಿದ್ದ. ಮಡಕೆಗಳ ಹೊರೆ ಹೊತ್ತು ಸಂತೆಗೆ ಹೊರಟಿದ್ದ ಕುಂಬಾರರ ಹೊಳೆವ್ವ, ಹೊರೆ ಇಳಿಸಲು ಅಡ್ಡಗಲ್ಲು ಕಾಣದೆ ತಡವರಿಸಿ, ಕುತ್ತಿಗೆ ನಡುಗುತ್ತಿದ್ದಂತೆಯೇ ಅವನ ಬಾಗಿಲಿಗೆ ಬಂದು ಕೈ ಹಚ್ಚಲು ಕೇಳಿದಳು. ಗೌಡ ದೊಡ್ಡಸ್ತಿಕೆಯಿಂದ ಎದ್ದು ಹೊರೆ ಇಳಿಸಿದ. ತಲೆ ಹಗುರಾದ ಮೇಲೆ ಅವಳು ಕತ್ತೆತ್ತಿ ನೋಡಿದಳು.

"ಇದು ನಮ್ಮವ್ವನ ಕಲ್ಲರೀ, ಗೌಡ್ರ. ನಾ ಸಣ್ಣಾಕಿದ್ದಾಗ, ಮತ್ತ ಹೊಟ್ಟೀಲೆ ಇದ್ದು ಸತ್ತಾಕಿ," ಎಂದಳು. ತಲೆಯ ಸಿಂಬಿ ಸರಿಪಡಿಸಿಕೊಳ್ಳುತ್ತ, "ಇರಲಿ ಬಿಡ್ರಿ, ಇವತ್ತ ನೀವರೆ ಇಳಿಸಿದ್ರಲ್ಲ," ಎಂದಳು.

ಬೈದಿದ್ದರೆ ತಿರುಗಿ ಬೈದು ಪಾರಾಗುತ್ತಿದ್ದನೇನೋ. ಆ ಮಾತಿಗೆ ಅವನಿಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನೆಂಟರೆಲ್ಲ ಕಲ್ಲನ್ನೇ ನೋಡುತ್ತಿದ್ದರು. ಎಲೆಯ ಮುಂದೆ ಕುಳಿತವನು ಉಣ್ಣದೆ ಎದ್ದ. ಮರುದಿನ ಕಲ್ಲು ಬಿಚ್ಚಲು ಹೇಳಿದ. ಮೇಲಿನ ಗೋಡೆ ಕುಸಿಯುತ್ತದೆ ಎಂದು ಕಲ್ಲುಕುಟಿಗರು ಎಚ್ಚರಿಸಿದರೂ ಕೇಳಲಿಲ್ಲ. ಗೋಡೆ ಕುಸಿದೇ ಕುಸಿಯಿತು. ಅಡ್ಡಗಲ್ಲನ್ನು ಮತ್ತೆ ನಿಲುಗಲ್ಲುಗಳ ಮೇಲೆ ಕೂರಿಸಿ, ಬಿದ್ದ ಕಲ್ಲುಗಳಿಂದಲೇ ಬಾಗಿಲ ಜಾಗ ಮುಚ್ಚಿಸಿ, ಸಾಯುವ ತನಕ ಸೆಗಣಿ ಬಾಗಿಲಲ್ಲೇ ನುಸುಳಿ ಓಡಾಡಿದ ಎನ್ನುತ್ತಾರೆ. ಊರವರು ಬಾಗಿಲು ಕೊಟ್ಟ ಮನೆ ಎಂದು ಹೊಗಳಲು ಹೊರಟರೆ ತಲೆ ತಗ್ಗಿಸಿ ತಡೆಯುತ್ತಿದ್ದನಂತೆ: "ಕೊಟ್ಟಿದ್ದಲ್ಲ, ಕದ್ದಿದ್ದು. ಹಂಗ ಅನ್ರಿ."

ಹೊರೆಗಲ್ಲು ಇಂದಿಗೂ ಮನೆಯೆದುರೇ ಇದೆ. ಸಂತೆಗೆ ಹೋಗುವವರು ಅದರ ಮೇಲೆ ಭಾರ ಇಳಿಸಿ, ಗೌಡನ ಕಟ್ಟೆಯ ಮೇಲೆ ಕುಳಿತು ಬೆವರು ಒರೆಸಿಕೊಳ್ಳುತ್ತಾರೆ. ಅಡ್ಡಗಲ್ಲಿನ ಅಡಿಗೆ ಕೈಯಾಡಿಸಿದರೆ, ಕದಕ್ಕೆಂದು ಕೊರೆದ ಆ ಎರಡು ಕುಳಿಗಳು ಈಗಲೂ ಬೆರಳಿಗೆ ಸಿಗುತ್ತವೆ.