ಗಾರೆ ಕೆಲಸದವನ ಹೊಟ್ಟೆಹುಣ್ಣು

“ಸರ್, ನಿಮ್ಮ ಕೈಕೆಳಗೆ ಮೂರು ವರ್ಷ ಹೊಟ್ಟೆಯ ರೋಗಗಳ ಚಿಕಿತ್ಸೆ ಕಲಿತೆ. ಈಗಲೂ ನಾನು ಬರೆದ ಒಂದೊಂದು ಔಷಧಿ ಚೀಟಿಯನ್ನೂ ನೀವು ಓದಿ ನೋಡಿಯೇ ಕಳಿಸುತ್ತೀರಿ. ನನ್ನ ಮೇಲೆ ಇಷ್ಟು ಸಂಶಯವೇಕೆ?” ಎಂದು ವಾಗ್ದೇವಿ ಕೇಳಿದಳು.

ಗುರುಗಳು ಹೇಳತೊಡಗಿದರು.

ಒಂದು ಊರಿನ ದೊಡ್ಡಾಸ್ಪತ್ರೆಯಲ್ಲಿ ಒಬ್ಬ ಎಳೆಯ ವೈದ್ಯನಿದ್ದ. ಅವನೂ ನಿನ್ನಂತೆ ಇದೇ ವಿದ್ಯೆ ಕಲಿಯುತ್ತಿದ್ದವನು. ಬಲು ಚುರುಕು. ರೋಗಿಗಳು ಸುಳ್ಳು ಹೇಳುತ್ತಾರೆ ಎಂಬುದು ಅವನ ಗಟ್ಟಿ ನಂಬಿಕೆ. ಒಮ್ಮೆ ಒಬ್ಬ ಗಾರೆ ಕೆಲಸದವನು ಹೊಟ್ಟೆ ಹಿಡಿದುಕೊಂಡು ಬಂದ. ಮಲ ಡಾಂಬರಿನಂತೆ ಕಪ್ಪಗೆ ಹೋಗುತ್ತಿದೆ ಎಂದ. ಒಳಗೆಲ್ಲೋ ರಕ್ತ ಒಸರುತ್ತಿದೆ ಎಂದು ವೈದ್ಯನಿಗೆ ತಿಳಿಯಿತು.

“ದಿನಕ್ಕೆ ಎಷ್ಟು ಕುಡಿಯುತ್ತೀಯ?”

“ಕುಡಿಯೋದಿಲ್ಲ ಸ್ವಾಮಿ.”

ವೈದ್ಯ ನಂಬಲಿಲ್ಲ. ದಿನವಿಡೀ ಸಿಮೆಂಟು ಕಲಸುವವನು ಸಂಜೆ ಕುಡಿಯದೆ ಇರುತ್ತಾನೆಯೇ? ಬಾಯಿಯ ವಾಸನೆ ನೋಡಿದ. ಹೆಂಡತಿಯನ್ನು ಹೊರಗೆ ಕರೆದು ಕೇಳಿದ. ಅವಳೂ ಇಲ್ಲವೆಂದಳು. ಇಬ್ಬರೂ ಮೊದಲೇ ಮಾತಾಡಿಕೊಂಡು ಬಂದಿದ್ದಾರೆ ಅಂದುಕೊಂಡ. ಕುಡಿತದಿಂದ ಯಕೃತ್ತು ಕೆಟ್ಟಿರಬೇಕೆಂದು ಅವನನ್ನು ಆಸ್ಪತ್ರೆಯಲ್ಲೇ ಮಲಗಿಸಿ ಅದರ ಪರೀಕ್ಷೆ ಬರೆದುಕೊಟ್ಟ. ಯಕೃತ್ತು ಚೆನ್ನಾಗಿದೆ ಎಂದು ಬಂದಾಗ ಪರೀಕ್ಷೆಯನ್ನೇ ಶಂಕಿಸಿ ಮತ್ತೊಮ್ಮೆ ಮಾಡಿಸಿದ. ಎರಡು ದಿನ ಹೀಗೇ ಹೋಯಿತು.

ಮೂರನೆಯ ದಿನ ಗಾರೆಯವನು ರಕ್ತ ಕಾರಿದ. ಆಗ ಅವಸರ ಅವಸರವಾಗಿ ಬಾಯಿಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ ನೋಡಿದರು. ಜಠರದಲ್ಲಿ ಆಳವಾದ ಹುಣ್ಣು. ನೋವಿನ ಮಾತ್ರೆ ಬಹಳ ದಿನ ನುಂಗುವವರಲ್ಲಿ ಕಾಣುವಂಥದು.

“ಏನಾದರೂ ಮಾತ್ರೆ ಕೊಡುತ್ತಿದ್ದೆಯೇನಮ್ಮ?”

“ಮಂಡಿನೋವಿನ ಮಾತ್ರೆ ಸ್ವಾಮಿ. ದಿನಕ್ಕೆ ಎರಡು, ತಪ್ಪಿಸಬೇಡ ಅಂದಿದ್ದರು. ಇಲ್ಲಿ ಮಲಗಿಸಿದ ಮೇಲೂ ಒಂದು ಹೊತ್ತೂ ತಪ್ಪಿಸಿಲ್ಲ” ಎಂದಳು ಹೆಂಡತಿ. ಸೆರಗಿನ ಗಂಟು ಬಿಚ್ಚಿ ಚೀಟಿ ತೆಗೆದುಕೊಟ್ಟಳು.

ಎರಡು ತಿಂಗಳ ಹಿಂದಿನ ಚೀಟಿ. ಅಕ್ಷರ ಆ ವೈದ್ಯನದೇ. ಎಷ್ಟು ದಿನ ನುಂಗಬೇಕು ಎಂದು ಬರೆದಿರಲಿಲ್ಲ. ಗಾರೆಯವನ ಮುಖವೂ ಅವನಿಗೆ ನೆನಪಿರಲಿಲ್ಲ.

ಆ ಸಂಜೆ ಗಾರೆಯವನು ತೀರಿಕೊಂಡ. ಹೆಂಡತಿ ಯಾರನ್ನೂ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು ಎಂದು ವೈದ್ಯನಿಗೆ ಬಹಳ ಕಾಲ ಅನ್ನಿಸುತ್ತಿತ್ತು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ವಾಗ್ದೇವಿ ಕೇಳಿದಳು:

“ಅವನು ಬರೆದದ್ದನ್ನು ಓದಿ ನೋಡುವ ಹಿರಿಯರು ಆ ಆಸ್ಪತ್ರೆಯಲ್ಲಿ ಯಾರೂ ಇರಲಿಲ್ಲವೇ ಸರ್?”

“ಇದ್ದರು, ಅವರಿಗೆ ನನ್ನ ಮೇಲೆ ಪೂರ್ತಿ ನಂಬಿಕೆಯಿತ್ತು.”