ಹೆಗ್ಗಣ ಹೇಳಿದ ಸಾಕ್ಷಿ

ಕಾಡಿನ ಸರ್ಕಾರಿ ಉಗ್ರಾಣವನ್ನು ರಾತ್ರಿಯೆಲ್ಲ ಕಾಯುತ್ತಿದ್ದ ಮುದಿ ಗೂಬೆಗೆ ನಿವೃತ್ತಿ ಹತ್ತಿರ ಬಂತು. ಕಚೇರಿ ತೆರೆಯುವ ಹೊತ್ತಿಗೆ ಅದಕ್ಕೆ ಗಾಢ ನಿದ್ದೆ. ಹಾಗಾಗಿ ತನ್ನ ಸೇವಾ ಪುಸ್ತಕವನ್ನು ಒಮ್ಮೆಯೂ ನೋಡಿರಲಿಲ್ಲ. ಹೋಗುವ ಮುಂಚೆ ನೋಡಿಬಿಡೋಣವೆಂದು ಬಿಸಿಲಲ್ಲಿ ಕಣ್ಣು ಕಿರಿದು ಮಾಡಿಕೊಂಡು ಗುಮಾಸ್ತ ಹುಂಜದ ಬಳಿ ಬಂತು. ತೆರೆದರೆ ಪುಟಪುಟದಲ್ಲೂ ಒಂದೇ ಬರಹ: ‘ಕಾವಲುಗಾರ ನಿದ್ರಿಸುತ್ತಿದ್ದ.’

ಗೂಬೆ ಪುಟಗಳನ್ನು ಮತ್ತೆ ಮತ್ತೆ ತಿರುವಿ ನೋಡಿತು. ಹೀಗಿದ್ದರೆ ನಿವೃತ್ತರಿಗೆ ಕೊಡುವ ಆಲದ ಪೊಟರೆ ಸಿಕ್ಕೀತೇ!

“ಗುಮಾಸ್ತರೇ, ಇದೇನಿದು?”

“ಬೆಳಗ್ಗೆ ಬಂದಾಗ ಕಂಡದ್ದನ್ನು ಬರೆದಿದ್ದೇನೆ. ಒಂದಕ್ಷರವೂ ಸುಳ್ಳಲ್ಲ.”

“ನೀವು ಬರುವಷ್ಟರಲ್ಲಿ ನನ್ನ ಕೆಲಸ ಮುಗಿದಿರುತ್ತದಲ್ಲ, ಸ್ವಾಮಿ!”

“ಹಾಗಾದರೆ ರಾತ್ರಿ ನಿಮ್ಮನ್ನು ಕಂಡವರನ್ನು ಕರೆತನ್ನಿ. ತಿದ್ದುತ್ತೇನೆ.”

ಗೂಬೆ ಯೋಚಿಸಿ, ಉಗ್ರಾಣದ ಹಿಂದಿನ ಬಿಲದ ಬಾಯಲ್ಲಿ ನಿಂತು ಸಂಗತಿ ಹೇಳಿತು. ಕೇಳಿದ್ದೇ ತಡ, ಹೆಗ್ಗಣ ಕಚೇರಿಗೆ ಓಡಿಬಂತು.

“ಇವನು ಒಂದೇ ಒಂದು ರಾತ್ರಿ ಕಣ್ಣು ಮುಚ್ಚಿದ್ದರೂ ನನ್ನ ಹೊಟ್ಟೆ ಹೀಗೆ ಬೆನ್ನಿಗೆ ಅಂಟುತ್ತಿತ್ತೇ? ನೋಡಿ!”

ಹುಂಜ ನೋಡಿತು. ಪುಟಪುಟವನ್ನೂ ತಿದ್ದಿತು. ಆಮೇಲೆ ಕೇಳಿತು: “ವೈರಿಯ ಪರವಾಗಿ ಇಷ್ಟು ಅವಸರವೇಕಪ್ಪಾ?”

“ಪುಸ್ತಕ ಸರಿಯಾಗದೆ ಇವನು ಮನೆಗೆ ಹೋಗುವುದಿಲ್ಲ, ಇವನು ಹೋಗದೆ ನನಗೆ ಕಾಳು ಸಿಗುವುದಿಲ್ಲ.”

ಗೂಬೆಗೆ ನಗು ತಡೆಯಲಾಗಲಿಲ್ಲ. ಇಷ್ಟು ವರ್ಷದಲ್ಲಿ ತನ್ನ ಕೆಲಸವನ್ನು ಇಷ್ಟು ಚೆನ್ನಾಗಿ ಯಾರೂ ಹೊಗಳಿರಲಿಲ್ಲ.

ನಿವೃತ್ತಿಯ ದಿನ ಅದು ಆಲದ ಪೊಟರೆ ಸೇರಿ, ಜೀವಮಾನದಲ್ಲಿ ಮೊದಲ ಸಲ ರಾತ್ರಿ ಹೊತ್ತು ಹಾಯಾಗಿ ನಿದ್ದೆ ಮಾಡಿತು. ಅದನ್ನು ಬರೆದುಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ.