ಪಕ್ಕದ ಮನೆಗೆ ಹೊರಟ ಸೋದರಮಾವ

ತಿಪಟೂರಿನಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ಸೀತಾರಾಮಯ್ಯನವರಿಗೆ ಒಬ್ಬಳೇ ತಂಗಿ, ವಾರಿಜ. ಮದುವೆಯಾದಾಗಿನಿಂದ ಅವಳಿರುವುದು ಕಡಲಾಚೆಯ ದೇಶದಲ್ಲಿ. ಈಗ ಅವಳ ಮಗಳು ಮೇದಿನಿಯ ಮದುವೆ, ಬರುವ ಗುರುವಾರ. ಮದುಮಗಳನ್ನು ಮಂಟಪಕ್ಕೆ ಕರೆತರುವುದು ಸೋದರಮಾವನ ಹಕ್ಕು. "ಮಾವ, ನೀವು ಬರದೆ ನಾನು ಕೋಣೆಯಿಂದ ಹೊರಗೇ ಬರಲ್ಲ" ಎಂದು ಮೇದಿನಿ ಫೋನಿನಲ್ಲೇ ಹಟ ಹಿಡಿದಿದ್ದಳು.

ಖುಷಿಯ ಭರದಲ್ಲಿ ಸೀತಾರಾಮಯ್ಯನವರು ವೀಸಾವನ್ನು ತೀರಾ ಮುಂಚೆಯೇ ಮಾಡಿಸಿಟ್ಟಿದ್ದರು. ಭಾನುವಾರದ ಟಿಕೆಟ್ ಕೊಡುತ್ತ ಟ್ರಾವೆಲ್ಸಿನ ಶಕುಂತಲಾ ಹೇಳಿದಳು: "ಈ ವೀಸಾದಲ್ಲಿ ಸೋಮವಾರದೊಳಗೆ ಆ ದೇಶಕ್ಕೆ ಕಾಲಿಡಬೇಕು ಸರ್. ಕಾಲಿಟ್ಟ ದಿನದಿಂದ ಒಂದು ತಿಂಗಳು ಇರಬಹುದು."

ಸೋಮವಾರವೋ, ತಿಂಗಳೋ? ಅವರ ತಲೆ ಗಿರ್ರೆಂದಿತು. ಮತ್ತೆ ಕೇಳಿದರೆ ದಡ್ಡ ಅಂದುಕೊಂಡಾಳೆಂದು ಎಲ್ಲ ಅರ್ಥವಾದವರ ಹಾಗೆ ತಲೆಯಾಡಿಸಿ ಬಂದರು. ಮನೆ ಸೇರುವಷ್ಟರಲ್ಲಿ ತಲೆಯಲ್ಲಿ ಉಳಿದದ್ದು ತಿಂಗಳು ಮಾತ್ರ. ಬೇಕಾದದ್ದು ಉಳಿಯುತ್ತದೆ, ಬೇಡದ್ದು ದಾರಿಯಲ್ಲೇ ಬಿದ್ದುಹೋಗುತ್ತದೆ.

ಪಂಚಾಂಗ ನೋಡಿದರೆ ಭಾನುವಾರ ಅಮಾವಾಸ್ಯೆ! ಸೋಮವಾರ ಸೀಟಿಲ್ಲ. ಹೇಗೂ ತಿಂಗಳಿದೆಯಲ್ಲ ಎಂದು ತಾವೇ ಫೋನಿನಲ್ಲಿ ಟಿಕೆಟನ್ನು ಮಂಗಳವಾರಕ್ಕೆ ಬದಲಾಯಿಸಿದರು. ಆದರೆ ಮಂಗಳವಾರ ಹೊರಡುವುದುಂಟೇ? ಅದಕ್ಕೂ ಹಿರಿಯರ ಉಪಾಯವಿತ್ತು. ಒಳ್ಳೆಯ ದಿನ ನೋಡಿ ಚೀಲವನ್ನು ನೆರೆಮನೆಯಲ್ಲಿಟ್ಟರೆ ಪ್ರಯಾಣ ಅಂದೇ ಹೊರಟ ಹಾಗೆ. ಇದನ್ನು ಪ್ರಸ್ಥಾನ ಇಡುವುದು ಎನ್ನುತ್ತಾರೆ. ಶುಕ್ರವಾರ ಶುಭ ಹೊತ್ತಿನಲ್ಲಿ ಅವರ ಚೀಲ ಪಕ್ಕದ ಮನೆ ಸೇರಿತು.

ಮಂಗಳವಾರ ವಿಮಾನ ನಿಲ್ದಾಣದ ಕೌಂಟರಿನಲ್ಲಿದ್ದ ಹುಡುಗಿ ವೀಸಾ ನೋಡಿ ಮುಖ ಸಪ್ಪಗೆ ಮಾಡಿದಳು. "ಸರ್, ಇದು ನಿನ್ನೆಗೇ ಮುಗೀತು."

"ಒಂದು ತಿಂಗಳು ಅಂತ ಇದೆಯಲ್ಲಮ್ಮ!"

"ಅದು ಅಲ್ಲಿಗೆ ಹೋದ ಮೇಲೆ ಇರೋಕೆ ಸರ್. ಒಳಗೆ ಹೋಗೋಕೆ ನಿನ್ನೇನೇ ಕೊನೆ."

"ನಾನು ಶುಕ್ರವಾರಾನೇ ಹೊರಟಿದ್ದೀನಲ್ಲ!"

"ಎಲ್ಲಿಗೆ ಸರ್?"

"ಪಕ್ಕದ ಮನೆಗೆ" ಎಂದರು ಸೀತಾರಾಮಯ್ಯನವರು. ಹೇಳಿದ ಮೇಲೆ ಅವರಿಗೇ ಅದು ವಿಚಿತ್ರವಾಗಿ ಕೇಳಿಸಿತು.

ಇನ್ನೊಂದು ವೀಸಾ ಎರಡು ದಿನದಲ್ಲಿ ಆಗುವ ಮಾತಲ್ಲ. ಸುದ್ದಿ ಕೇಳಿ ವಾರಿಜ ಅತ್ತೇಬಿಟ್ಟಳು. "ನೀನು ಎಲ್ಲಾ ದಿನಾನೂ ನೋಡಿದೆ ಅಣ್ಣ, ಈ ದೇಶದವರು ಕೊಟ್ಟ ದಿನ ಒಂದನ್ನ ಬಿಟ್ಟೆ."

ಗುರುವಾರ ಮೇದಿನಿ ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟಳಂತೆ. ಮುಹೂರ್ತ ಮೀರುತ್ತದೆಂದು ಪುರೋಹಿತರು ಅವಸರ ಮಾಡಿದಾಗ ಬೀಗರ ಕಡೆಯ ಯಾರೋ ಕೈಹಿಡಿದು ಕರೆತಂದರು. ಆ ಹೊತ್ತಿಗೆ ಸೀತಾರಾಮಯ್ಯನವರು ಅಂಗಡಿಯ ಬಾಗಿಲು ಹಾಕಿಕೊಂಡು ಒಳಗೆ ಒಬ್ಬರೇ ಕೂತಿದ್ದರು. ಅವರಿಗೆ ಬಹಳ ದುಃಖವಾಯಿತು.

ನೀತಿ: ಯಾವಾಗ ಹೊರಡಬೇಕೆಂಬುದು ನಮ್ಮ ಲೆಕ್ಕ, ಯಾವಾಗ ಒಳಗೆ ಬರಬೇಕೆಂಬುದು ನಾವು ಹೋಗುವ ಮನೆಯವರ ಲೆಕ್ಕ. ಅದು ಅರ್ಥವಾಗದಿದ್ದರೆ ನಾಚಿಕೆ ಬಿಟ್ಟು ಇನ್ನೊಮ್ಮೆ ಕೇಳಿ.